ಗಾಳಿಗೆ ಮುರಿಯದ, ಮಳೆಗೆ ಕೊಳೆಯದ ಆಂಟೆನಾ: ಹವ್ಯಾಸಿ ರೇಡಿಯೋ ಇರಿಸಿಕೊಂಡ ಬೆಳೆಗಾರರಿಗೆ ಒಂದು ಪಾಠ



ಸಹಕಾರಿಗಳಾದ ನಮಗೆ ಗದಗ ಎಂದೊಡನೆ ನೆನಪಾಗುವುದು ಕಣಗಿನಹಾಳ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಶ್ರೀ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಆ ಹಳ್ಳಿಯಲ್ಲಿ ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ದೇಶದ ಮೊತ್ತಮೊದಲ ಕೃಷಿ ಸಹಕಾರಿ ಸಂಘವೆಂಬ ಹಿರಿಮೆ ಅದರದು. ಈ ಸಲ ಅದೇ ಸೀಮೆಯ ಬೇರೊಂದು ಸಂಗತಿಯಿಂದ ನಾವು ಪಾಠ ಕಲಿಯಬೇಕಾಗಿದೆ. ಅದು ಅಲ್ಲಿಯ ಗಾಳಿ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಅಡಿಕೆ-ಕಾಫಿಯ ನಾಡಲ್ಲ. ಮೆಣಸಿನಕಾಯಿ, ಹತ್ತಿ, ಶೇಂಗಾ, ಉಳ್ಳಾಗಡ್ಡಿಯ ನಾಡು. ಗದಗಿನ ದಕ್ಷಿಣಕ್ಕೆ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಕಪ್ಪತಗುಡ್ಡದ ಸಾಲು ಹಬ್ಬಿದೆ. ಮುಂಗಾರಿನ ತಿಂಗಳುಗಳಲ್ಲಿ ನೈಋತ್ಯದ ಗಾಳಿ ಆ ಬಯಲಿನ ಮೇಲೆ ಹಗಲಿರುಳೂ ಒಂದೇ ಸಮನೆ ಬೀಸುತ್ತದೆ. ವಿದ್ಯುತ್ತಿಗಾಗಿ ದೊಡ್ಡ ದೊಡ್ಡ ಗಾಳಿಯಂತ್ರಗಳನ್ನು ಅಲ್ಲಿ ಸಾಲುಗಟ್ಟಿ ನಿಲ್ಲಿಸಿರುವುದು ಈ ಕಾರಣದಿಂದಲೇ. ಗಾಳಿ ಬಂದಾಗ ತೂರಿಕೊಳ್ಳುವ ಗಾದೆ ಅಲ್ಲಿಯ ಕಣಗಳಿಗೆ ಸರಿ. ಮನೆಯ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ನಿಲ್ಲಿಸಿದವನಿಗೆ ಅದೇ ಗಾಳಿ ಪರೀಕ್ಷಕ. ಕೊಳ್ಳಬೇಕೆಂದಿರುವ ಆಂಟೆನಾ ಗಟ್ಟಿಯೋ ಜೊಳ್ಳೋ ಎಂಬುದನ್ನು ಮೊದಲು ಗದಗ ಸೀಮೆಯ ಗಾಳಿಗೂ, ಆಮೇಲೆ ನಮ್ಮ ಮಲೆನಾಡಿನ ಮಳೆಗೂ ಒಡ್ಡಿದಂತೆ ಊಹಿಸಿಕೊಂಡು ತೂಗಿ ನೋಡುವುದು ಒಳ್ಳೆಯ ಕ್ರಮ. ಎರಡಕ್ಕೂ ತಾಳುವಂಥದು ಕರ್ನಾಟಕದ ಯಾವ ಮೂಲೆಯಲ್ಲಾದರೂ ತಾಳೀತು.

ತೋಟಗಾರನಿಗೆ ಇದೆಲ್ಲ ಏತಕ್ಕೆ ಎಂದು ಕೇಳುವವರಿದ್ದಾರೆ. ಆಶ್ಲೇಷಾ-ಮಘಾ ಮಳೆಗಳಲ್ಲಿ ಮರ ಬಿದ್ದು ವಿದ್ಯುತ್ ತಂತಿ ಹರಿದರೆ ನಮ್ಮ ಕಡೆ ಎಷ್ಟೋ ದಿನ ಕತ್ತಲೆ. ಮೊಬೈಲ್ ಗೋಪುರದ ಬ್ಯಾಟರಿ ಇಳಿದು ಡೀಸೆಲ್ ಮುಗಿದರೆ ದೂರವಾಣಿಯೂ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನೂ, 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಗದಗ ಜಿಲ್ಲೆಯ ನರಗುಂದ, ರೋಣದ ಕಡೆಯ ಹಳ್ಳಿಗಳು ನೀರಿನಲ್ಲಿ ನಿಂತುದನ್ನೂ ನಾವು ಮರೆತಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಅಂಡಮಾನಿನಲ್ಲಿ ಹವ್ಯಾಸಿ ಠಾಣೆ ನಡೆಸುತ್ತಿದ್ದ ಶ್ರೀಮತಿ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಅಲ್ಲಿಂದ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದರು. ಕಾರಿನ ಬ್ಯಾಟರಿಯೊಂದಿದ್ದರೆ ಹವ್ಯಾಸಿಯ ರೇಡಿಯೋ ನಡೆಯುತ್ತದೆ. ಆದರೆ ಒಂದು ಮಾತು. ಆಂಟೆನಾ ತೀರ ಬೇಕಾಗುವುದು ಬಿರುಗಾಳಿಯ ದಿನ. ಅದು ಮುರಿದುಬೀಳುವುದೂ ಆ ದಿನವೇ. ಆದಕಾರಣ ಕೊಳ್ಳುವಾಗ ಅದರ ಶಕ್ತಿಗಿಂತ ಬಾಳಿಕೆಯನ್ನು ಮುಂದೆ ನೋಡಬೇಕೆಂಬುದು ನಮ್ಮ ನಿಲುವು.

ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯದೆ ಯಾರೂ ಪ್ರಸಾರ ಮಾಡುವಂತಿಲ್ಲ. ಲೈಸೆನ್ಸಿನ ದರ್ಜೆಯ ಮೇಲೆ ಯಾವ ಪಟ್ಟಿ, ಎಷ್ಟು ಶಕ್ತಿ ಎಂಬುದು ನಿರ್ಧಾರವಾಗುತ್ತದೆ. ಇದರ ಮೇಲೆ ವ್ಯಾಪಾರದ ಮಾತು ಸಲ್ಲದು. ಮಂಡಿಯ ಅಡಿಕೆ ಧಾರಣೆ ಕೇಳಬೇಕಾದರೆ ದೂರವಾಣಿಯೇ ಗತಿ.

ಮೊದಲು ಯಾರೊಡನೆ ಮಾತು ಎಂದು ನಿಶ್ಚಯಿಸಿರಿ

ಅಂಗಡಿಗೆ ಹೋಗುವ ಮುನ್ನ ಈ ಪ್ರಶ್ನೆ ಕೇಳಿಕೊಂಡರೆ ಅರ್ಧ ಹಣ ಉಳಿಯುತ್ತದೆ. ಗದಗಿನಿಂದ ಚಿಕ್ಕಮಗಳೂರು, ಮಡಿಕೇರಿಗಳು ನೆಟ್ಟಗೆ ದಕ್ಷಿಣಕ್ಕೆ. ನೇರ ಅಳತೆಯಲ್ಲಿ ಕ್ರಮವಾಗಿ ಸುಮಾರು 235 ಮತ್ತು 335 ಕಿ.ಮೀ. ಶಿರಸಿ ನೈಋತ್ಯಕ್ಕೆ ಸುಮಾರು 125 ಕಿ.ಮೀ. ಇಷ್ಟು ದೂರಕ್ಕೆ ಹಗಲು ಹೊತ್ತಿನಲ್ಲಿ 7 ಮೆಗಾಹರ್ಟ್ಸ್ ಪಟ್ಟಿ ಸಾಕು, ಮತ್ತು ಅದಕ್ಕೆ ದಿಕ್ಕಿನ ಆಂಟೆನಾ ಬೇಡವೇ ಬೇಡ. ಹತ್ತು ಹತ್ತು ಮೀಟರಿನ ಎರಡು ತಾಮ್ರದ ತಂತಿಗಳನ್ನು ಏಳೆಂಟು ಮೀಟರ್ ಎತ್ತರದಲ್ಲಿ ಮಗುಚಿದ ವಿ ಆಕಾರಕ್ಕೆ ಕಟ್ಟಿದರೆ ಅಲೆಗಳು ನೆತ್ತಿಯ ಕಡೆಗೆ ಹೋಗಿ, ಆಕಾಶದ ಪದರಕ್ಕೆ ತಾಗಿ, ಸುತ್ತಲಿನ ಮುನ್ನೂರು-ನಾನ್ನೂರು ಕಿ.ಮೀ.ವರೆಗೆ ಮಳೆಯಂತೆ ಇಳಿಯುತ್ತವೆ. ಕಣಿವೆಯ ತಳದಲ್ಲಿ ಮನೆಯಿದ್ದರೂ ಅಡ್ಡಿಯಿಲ್ಲ. ಮೊದಲು ಇದನ್ನು ಕಟ್ಟಿರಿ, ಖರ್ಚು ಅತ್ಯಲ್ಪ.

ದಿಕ್ಕಿನ ಆಂಟೆನಾ ಬೇಕಾಗುವುದು ಎರಡು ಸಂದರ್ಭಗಳಲ್ಲಿ. 14ರಿಂದ 30 ಮೆಗಾಹರ್ಟ್ಸ್ ನಡುವಿನ ಪಟ್ಟಿಗಳಲ್ಲಿ ಯುರೋಪು, ಜಪಾನುಗಳಂಥ ದೂರದೇಶಗಳೊಡನೆ ಮಾತಾಡುವಾಗ ಒಂದು. 144 ಮತ್ತು 434 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಮೂವತ್ತು-ಐವತ್ತು ಕಿ.ಮೀ. ಆಚೆಯ ಪಟ್ಟಣವನ್ನೋ ಗುಡ್ಡದ ಮೇಲಿನ ಮರುಪ್ರಸಾರ ಠಾಣೆಯನ್ನೋ ಮುಟ್ಟಬೇಕಾದಾಗ ಇನ್ನೊಂದು. ಮೊದಲನೆಯದು ಹವ್ಯಾಸ. ಎರಡನೆಯದು ಸಣ್ಣ ಬೆಳೆಗಾರನಿಗೆ ನಿಜವಾಗಿ ಉಪಯೋಗಕ್ಕೆ ಬರುವಂಥದು, ಅಗ್ಗದ್ದು, ಒಬ್ಬನೇ ಹೊತ್ತು ಏರಿಸಬಹುದಾದದ್ದು.

ಎರಡನೆಯದಕ್ಕೆ ಒಂದು ಲೆಕ್ಕ ತಿಳಿದಿರಲಿ. ಎರಡೂ ಕಡೆಯ ಆಂಟೆನಾಗಳ ಎತ್ತರದ ವರ್ಗಮೂಲಗಳನ್ನು ಕೂಡಿ 4.12ರಿಂದ ಗುಣಿಸಿದರೆ ಬಯಲಿನಲ್ಲಿ ಅಲೆ ನೇರವಾಗಿ ಮುಟ್ಟುವ ಕಿ.ಮೀ. ದೊರೆಯುತ್ತದೆ. ಎರಡೂ ಕಡೆ 12 ಮೀಟರ್ ಕಂಬವಿದ್ದರೆ ಸುಮಾರು 28 ಕಿ.ಮೀ.; 20 ಮೀಟರ್ ಇದ್ದರೆ ಸುಮಾರು 37 ಕಿ.ಮೀ. ಲಕ್ಷ್ಮೇಶ್ವರದಿಂದ ಗದಗಕ್ಕೆ ನೇರ ದೂರ ಹೆಚ್ಚುಕಡಿಮೆ ಇಷ್ಟೇ. ಅಲ್ಲಿ ದಿಕ್ಕಿನ ಆಂಟೆನಾ ಒಳ್ಳೆಯ ಕೆಲಸ ಮಾಡುತ್ತದೆ. ಆದರೆ ಮುಂಡರಗಿಯಲ್ಲಿ ನಿಂತು ಹುಬ್ಬಳ್ಳಿಯ ಕಡೆ ತಿರುಗಿಸಿದರೆ ನಡುವೆ ಕಪ್ಪತಗುಡ್ಡ. ಎಂಥ ಬೆಲೆಯ ಆಂಟೆನಾ ಆದರೂ ಗುಡ್ಡವನ್ನು ತೂರಿ ಹೋಗದು. ಗುಡ್ಡದ ತುದಿಯಂಚಿಗೆ ಮುಖ ಮಾಡಿ ಸ್ವಲ್ಪ ಅತ್ತಿತ್ತ ಹೊರಳಿಸಿದರೆ ಅಂಚಿನಲ್ಲಿ ಬಾಗಿ ಬಂದ ಅಲೆ ಒಮ್ಮೊಮ್ಮೆ ಸಿಗುತ್ತದೆ. ಇಂಥಲ್ಲಿ ತಂತಿಯ 7 ಮೆಗಾಹರ್ಟ್ಸ್ ಆಂಟೆನಾಕ್ಕೆ ಮರಳುವುದು ಜಾಣತನ. (ಗುಡ್ಡದ ಮೇಲೆಯೇ ಕಂಬ ನೆಡೋಣವೆನ್ನುವವರಿಗೆ: ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಅಲ್ಲಿ ಗೂಟವನ್ನೂ ಊರುವಂತಿಲ್ಲ.)

ಯಾಗಿಯೋ, ಲಾಗ್ ಪೀರಿಯಾಡಿಕ್ಕೋ?

ದೂರದರ್ಶನ ಹಳ್ಳಿಗಳಿಗೆ ಬಂದ ಕಾಲದಲ್ಲಿ ಹಂಚಿನ ಮೇಲೆ ನಿಲ್ಲಿಸುತ್ತಿದ್ದ ಮೀನಿನ ಮುಳ್ಳಿನಂಥ ಆಂಟೆನಾವನ್ನು ಹಿರಿಯರೆಲ್ಲ ಕಂಡಿದ್ದಾರೆ. ಅದು ಯಾಗಿ. 1926ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದ ಉದಾ ಮತ್ತು ಯಾಗಿ ಎಂಬ ಇಬ್ಬರು ಅದನ್ನು ಲೋಕಕ್ಕೆ ತಿಳಿಸಿದರು. ಅದರಲ್ಲಿ ಕೇಬಲ್ ಸೇರುವುದು ಒಂದೇ ಕಡ್ಡಿಗೆ. ಉಳಿದವು ಸುಮ್ಮನೆ ನಿಂತು ಅಲೆಯನ್ನು ಮುಂದಕ್ಕೆ ದೂಡುತ್ತವೆ. ಯಾವ ಪಟ್ಟಿಗೆ ಅಳತೆ ಮಾಡಿದೆಯೋ ಅದರಲ್ಲಿ ಅದು ಬಲು ಚುರುಕು. ಪಟ್ಟಿ ಬದಲಾಯಿಸಿದರೆ ಕೈಕೊಡುತ್ತದೆ.

ಹಲವು ಪಟ್ಟಿಗಳಿಗೆ ಒಂದೇ ಯಾಗಿ ಸಾಲಬೇಕೆಂದು ಕಡ್ಡಿಗಳ ನಡುವೆ ಟ್ರ್ಯಾಪ್ ಎಂಬ ಸುರುಳಿಗಳನ್ನು ಕೂಡಿಸುವುದುಂಟು. ಹೊಸದಾಗಿದ್ದಾಗ ಅವು ಚೆನ್ನಾಗಿಯೇ ನಡೆಯುತ್ತವೆ. ಟ್ರ್ಯಾಪಿನ ಕೊಳವೆಗೆ ನೀರು ಇಳಿಯಲೆಂದು ಕೆಳಗೆ ಸಣ್ಣ ತೂತು ಇರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜ ಆ ತೂತನ್ನೇ ಹುಡುಕಿಕೊಂಡು ಬಂದು ಮುಚ್ಚುತ್ತದೆ. ಆಮೇಲೆ ಒಳಗೆ ನೀರು ನಿಂತು, ಸುರುಳಿ ಕೆಟ್ಟು, ಒಂದು ಪಟ್ಟಿ ಸದ್ದಿಲ್ಲದೆ ಸಾಯುತ್ತದೆ. ಗದಗಿನ ಕಡೆ ಈ ಕೆಲಸವನ್ನು ಕೆಂಪು-ಕಪ್ಪು ಧೂಳು ಮಾಡುತ್ತದೆ.

ಲಾಗ್ ಪೀರಿಯಾಡಿಕ್ ಬೇರೆ ಜಾತಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1950ರ ದಶಕದ ಕೊನೆಗೆ ಡ್ವೈಟ್ ಇಸ್ಬೆಲ್ ಎಂಬಾತ ಕಡ್ಡಿಗಳ ಈ ರೂಪವನ್ನು ಮಾಡಿ ತೋರಿಸಿದ. ರಾಬರ್ಟ್ ಕ್ಯಾರೆಲ್ 1961ರಲ್ಲಿ ಅದರ ಲೆಕ್ಕಾಚಾರವನ್ನು ಬರೆದಿಟ್ಟ. ಇದರಲ್ಲಿ ಪ್ರತಿಯೊಂದು ಕಡ್ಡಿಯೂ ನಡುವೆ ಎರಡು ತುಂಡಾಗಿದ್ದು, ಎಲ್ಲ ಕಡ್ಡಿಗಳಿಗೂ ವಿದ್ಯುತ್ ಸೇರುತ್ತದೆ. ಒಂದರ ಎಡಗೈ ಮೇಲಿನ ದಂಡಕ್ಕೆ ಸೇರಿದರೆ ಮುಂದಿನದರ ಎಡಗೈ ಕೆಳಗಿನ ದಂಡಕ್ಕೆ. ಹೀಗೆ ಜಡೆ ಹೆಣೆದ ಹಾಗೆ ಅದಲುಬದಲು. ಕಡ್ಡಿಗಳು ಹಿಂದಿನಿಂದ ಮುಂದಕ್ಕೆ ಒಂದೇ ಪ್ರಮಾಣದಲ್ಲಿ ಗಿಡ್ಡವಾಗುತ್ತ ಹೋಗುತ್ತವೆ.

ಉದಾಹರಣೆಗೆ ಪ್ರಮಾಣ 0.9 ಎಂದಿಟ್ಟುಕೊಳ್ಳಿರಿ. 14 ಮೆಗಾಹರ್ಟ್ಸಿನ ಅರ್ಧ ಅಲೆಯ ಉದ್ದ 150ನ್ನು 14ರಿಂದ ಭಾಗಿಸಿದರೆ ಬರುವ 10.7 ಮೀಟರ್. ಮೊದಲ ಕಡ್ಡಿ ಅಷ್ಟು. ಎರಡನೆಯದು 9.6, ಮೂರನೆಯದು 8.7, ಆಮೇಲೆ 7.8, 7.0, 6.3, 5.7, 5.1, ಕೊನೆಗೆ 4.6. ಒಂಬತ್ತು ಕಡ್ಡಿಗಳು. ನಡುವಿನ ಅಂತರವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಮೊದಲ ಅಂತರ 1.07 ಮೀಟರ್ ಇಟ್ಟರೆ ಒಟ್ಟು ಉದ್ದ 6 ಮೀಟರಿನಷ್ಟು. ನೀವು 14 ಮೆಗಾಹರ್ಟ್ಸಿನಲ್ಲಿ ಮಾತಾಡಿದರೆ ಹಿಂದಿನ ಉದ್ದ ಕಡ್ಡಿಗಳು ಕೆಲಸ ಮಾಡುತ್ತವೆ, 28ರಲ್ಲಾದರೆ ಮುಂದಿನ ಗಿಡ್ಡವು, ಉಳಿದವು ವಿಶ್ರಾಂತಿಯಲ್ಲಿ. ಕೊಯ್ಲಿನ ಆಳುಗಳಲ್ಲಿ ಎತ್ತರದ ಮರಕ್ಕೆ ಒಬ್ಬ, ಗಿಡ್ಡ ಮರಕ್ಕೆ ಇನ್ನೊಬ್ಬ ಎಂದು ಪಾಲು ಹಂಚಿದ ಹಾಗೆ. ಸುರುಳಿಯಿಲ್ಲ, ಟ್ರ್ಯಾಪಿಲ್ಲ, ಹೊಂದಿಸಬೇಕಾದ ತಿರುಪಿಲ್ಲ.

ಇದಕ್ಕೆ ಬೆಲೆ ತೆರಬೇಕು. ಯಾವುದೇ ಹೊತ್ತಿನಲ್ಲಿ ಕೆಲವು ಕಡ್ಡಿಗಳಷ್ಟೇ ದುಡಿಯುವುದರಿಂದ, ಅಷ್ಟೇ ಉದ್ದದ ಒಂಟಿಪಟ್ಟಿಯ ಯಾಗಿಗಿಂತ ಲಾಗ್ ಪೀರಿಯಾಡಿಕ್ಕಿನ ಗಳಿಕೆ ಸ್ವಲ್ಪ ಕಡಿಮೆ. ಮಾರುವವರು ಈ ಕೊರತೆಯ ಮೇಲೆ ಬಹಳ ಮಾತಾಡುತ್ತಾರೆ. ಶಕ್ತಿ ಎರಡರಷ್ಟಾದರೆ ಮೂರು ಡೆಸಿಬೆಲ್. ಒಂದು ಡೆಸಿಬೆಲ್ಲಿನ ವ್ಯತ್ಯಾಸ ಕೇಳುವವನ ಕಿವಿಗೆ ತಿಳಿಯುವುದೇ ಇಲ್ಲ. ಹತ್ತು ವರ್ಷ ನಿಲ್ಲುವ ಆಂಟೆನಾಕ್ಕಾಗಿ ಅದನ್ನು ಬಿಟ್ಟುಕೊಡುವುದರಲ್ಲಿ ನಷ್ಟವೇನೂ ಇಲ್ಲ. ಹಿಂದಿನಿಂದ ಬರುವ ಗದ್ದಲವನ್ನು ಎಷ್ಟು ತಡೆಯುತ್ತದೆ ಎಂಬುದು ಇದಕ್ಕಿಂತ ಮುಖ್ಯ. ಬೆಟಗೇರಿಯಂಥ ಮಗ್ಗಗಳ ಊರಿನಲ್ಲಿ ಮೋಟಾರು, ಎಲ್‌ಇಡಿ ದೀಪ, ಇನ್ವರ್ಟರುಗಳ ಕರಕರ ಒಂದು ಕಡೆಯಿಂದ ಬರುತ್ತಿದ್ದರೆ ಆಂಟೆನಾದ ಬೆನ್ನನ್ನು ಆ ಕಡೆಗೆ ತಿರುಗಿಸಿದರೆ ಸಾಕು, ಮುಚ್ಚಿಹೋಗಿದ್ದ ಠಾಣೆ ಕೇಳತೊಡಗುತ್ತದೆ.

144 ಮತ್ತು 434 ಮೆಗಾಹರ್ಟ್ಸ್ ಎರಡಕ್ಕೂ ಸಲ್ಲುವ ಲಾಗ್ ಪೀರಿಯಾಡಿಕ್ ಬಲು ಪುಟ್ಟದು. ಅತಿ ಉದ್ದದ ಕಡ್ಡಿ ಸುಮಾರು 1.07 ಮೀಟರ್, ಅತಿ ಗಿಡ್ಡದ್ದು 34 ಸೆಂ.ಮೀ., ಹನ್ನೆರಡು ಕಡ್ಡಿ, ಒಟ್ಟು ಉದ್ದ ಒಂದು ಮೀಟರಿನ ಆಸುಪಾಸು. ನಮ್ಮ ಹೆಚ್ಚಿನ ಸದಸ್ಯರು ಕೊಳ್ಳಬೇಕಾದದ್ದು ಇದನ್ನೇ.

ಗಾಳಿಯ ಲೆಕ್ಕ

ಗಾಳಿಯ ವೇಗವನ್ನು ತಾಸಿಗೆ ಇಷ್ಟು ಕಿ.ಮೀ. ಎಂದು ಹಿಡಿದು, ಅದನ್ನು ಅದರಿಂದಲೇ ಗುಣಿಸಿ, 212ರಿಂದ ಭಾಗಿಸಿರಿ. ಗಾಳಿಗೆ ಎದುರಾದ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ಕಿಲೋದಲ್ಲಿ ಬರುತ್ತದೆ. 60 ಕಿ.ಮೀ. ವೇಗಕ್ಕೆ 17 ಕಿಲೋ. 120 ಕಿ.ಮೀ. ವೇಗಕ್ಕೆ 34 ಅಲ್ಲ, 68 ಕಿಲೋ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ.

14-30 ಮೆಗಾಹರ್ಟ್ಸಿನ ದೊಡ್ಡ ಆಂಟೆನಾ ಗಾಳಿಗೆ ಒಂದು ಚದರ ಮೀಟರಿನಷ್ಟು ಮೈ ಒಡ್ಡುತ್ತದೆ ಎನ್ನಿ. ಮೇಲಿನ ಎಳೆತಂತಿ ಕಟ್ಟಿದ ಜಾಗದಿಂದ ಕಂಬ ಎರಡು ಮೀಟರ್ ಮೇಲೆ ಚಾಚಿಕೊಂಡಿದ್ದರೆ ಬಿರುಗಾಳಿಯಲ್ಲಿ ಆ ಜಾಗಕ್ಕೆ ಬೀಳುವ ಬಾಗುಬಲ 68ನ್ನು 2ರಿಂದ ಗುಣಿಸಿದಷ್ಟು, ಅಂದರೆ 136 ಕಿಲೋ-ಮೀಟರ್-ಭಾರ. ನಾವು ನೀರಾವರಿಗೆ ಬಳಸುವ ಒಂದೂವರೆ ಇಂಚಿನ ಮಧ್ಯಮ ದರ್ಜೆಯ ಜಿ.ಐ. ಪೈಪು ಇಷ್ಟಕ್ಕೆ ಬಾಗಿಯೇ ಬಾಗುತ್ತದೆ. ಪುಟ್ಟ ಆಂಟೆನಾದ ಮೈ ಒಂದು ಚದರ ಮೀಟರಿನ ಹತ್ತನೆಯ ಒಂದಂಶ. ಬಾಗುಬಲವೂ ಹತ್ತನೆಯ ಒಂದಂಶ. ಅದೇ ಪೈಪು ಅದನ್ನು ಸುಖವಾಗಿ ಹೊರುತ್ತದೆ. ಮಾರುವವರ ಪಟ್ಟಿಯಲ್ಲಿ ಗಾಳಿಗೆ ಒಡ್ಡುವ ಮೈ ಎಷ್ಟು ಎಂಬ ಅಂಕಿ ಇಲ್ಲದಿದ್ದರೆ ಕೇಳಿರಿ. ಕೊಡಲಾರದವರಿಂದ ಕೊಳ್ಳಬೇಡಿರಿ.

ಇನ್ನು ಬಿರುಗಾಳಿಗಿಂತ ಹೆಚ್ಚು ಹಾನಿ ಮಾಡುವುದು ಸಮನಾದ ಮಂದಗಾಳಿ ಎಂದರೆ ನಂಬುವುದು ಕಷ್ಟ. ದುಂಡು ಕಡ್ಡಿಯ ಎರಡು ಬದಿಯಿಂದ ಗಾಳಿ ಸುಳಿಸುಳಿಯಾಗಿ ಬಿಡುವಾಗ ಕಡ್ಡಿ ಮೇಲೆ ಕೆಳಗೆ ಅದುರುತ್ತದೆ. 25 ಮಿ.ಮೀ. ದಪ್ಪದ ಕೊಳವೆಗೆ ತಾಸಿಗೆ 18 ಕಿ.ಮೀ.ನ ಗಾಳಿ ತಾಗಿದರೆ ಸುಳಿಗಳು ಸೆಕೆಂಡಿಗೆ ಸುಮಾರು 40 ಸಲ ಬಿಡುತ್ತವೆ. ತಾಸಿಗೆ ಲಕ್ಷಕ್ಕೂ ಮಿಕ್ಕು. ಕಡ್ಡಿಯ ಸಹಜ ಕಂಪನ ಇದಕ್ಕೆ ಹೊಂದಿಕೊಂಡರೆ ಆಂಟೆನಾ ಗುಂಯ್‌ಗುಡುವುದನ್ನು ಕೆಳಗೆ ನಿಂತೇ ಕೇಳಬಹುದು. ಉಕ್ಕು ಒಂದು ಮಿತಿಯೊಳಗಿನ ಅದುರುವಿಕೆಯನ್ನು ಎಷ್ಟು ಕಾಲವಾದರೂ ಸಹಿಸುತ್ತದೆ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ. ಕೂದಲೆಳೆಯ ಬಿರುಕು ದಿನದಿನವೂ ಬೆಳೆದು, ಒಂದು ದಿನ ಗಾಳಿಯೇ ಇಲ್ಲದ ಹೊತ್ತಿನಲ್ಲಿ ಕಡ್ಡಿ ಕಳಚಿ ಬೀಳುತ್ತದೆ. ಮುಂಗಾರಿನ ಮೂರು ನಾಲ್ಕು ತಿಂಗಳು ಬಿಡದೆ ಬೀಸುವ ಗದಗ ಸೀಮೆಯ ಗಾಳಿ ಇಂಥದೇ.

ಮದ್ದು ಸುಲಭ. ಉದ್ದದ ಕೊಳವೆ-ಕಡ್ಡಿಗಳ ಒಳಗೆ ತುದಿಯಿಂದ ತುದಿಗೆ ಒಂದು ಹಗ್ಗವನ್ನು ಸಡಿಲವಾಗಿ ತೂರಿಸಿ ಬಿಟ್ಟರೆ ಅದು ಕಂಪನವನ್ನು ನುಂಗಿಹಾಕುತ್ತದೆ. ನಾರಿನ ಹಗ್ಗ ನೀರು ಕುಡಿದು ಕೊಳೆಯುವುದರಿಂದ ಪಾಲಿಯೆಸ್ಟರ್ ಹಗ್ಗ ಲೇಸು. ನಡುವೆ ದಪ್ಪ, ತುದಿಗೆ ಹೋದಂತೆ ಸಣ್ಣದಾಗುವ ಕಡ್ಡಿ ಒಂದೇ ದಪ್ಪದ್ದಕ್ಕಿಂತ ಕಡಿಮೆ ಅದುರುತ್ತದೆ. ನಿಮ್ಮ ಅಡಿಕೆ ದೋಟಿಯನ್ನೇ ನೋಡಿರಿ, ತುದಿ ಸಣ್ಣಗಿರುವುದು ಏತಕ್ಕೆಂದು ತಿಳಿಯುತ್ತದೆ.

ಮಲೆನಾಡಿಗೆ ಸೇರಿದ ಒಂದು ಭಾರವನ್ನೂ ಇಲ್ಲಿಯೇ ಹೇಳಬೇಕು. ಯಾವ ಕಂಪನಿಯ ಪಟ್ಟಿಯಲ್ಲಿಯೂ ಮಂಗನ ತೂಕ ಬರೆದಿರುವುದಿಲ್ಲ. ಕಡ್ಡಿಯ ತುದಿಯಲ್ಲಿ ಒಂದು ಗಡವ ಜೋತಾಡಿದರೆ ಬಿರುಗಾಳಿಯ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಮಂಗಗಳು ನೆಗೆಯಬಲ್ಲ ಮರದಿಂದ ಸಾಕಷ್ಟು ದೂರದಲ್ಲಿ ಕಂಬ ನಿಲ್ಲಿಸಿ, ಕಂಬಕ್ಕೆ ತಗಡಿನ ಕೊರಳಪಟ್ಟಿ ಹಾಕುವುದಲ್ಲದೆ ಬೇರೆ ಉಪಾಯವಿಲ್ಲ.

ಮೈಲುತುತ್ತದ ಹನಿ

ಗದಗಿನಲ್ಲಿ ಇಲ್ಲದ, ನಮ್ಮಲ್ಲಿ ಮಾತ್ರ ಇರುವ ಶತ್ರು ಇದು. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ತಾಮ್ರದ ಲವಣ. ತಾಮ್ರದ ಅಂಶ ಅಲ್ಯೂಮಿನಿಯಮ್ಮಿನ ಮೇಲೆ ಕೂತು ತೇವ ತಾಗಿದರೆ ಅಲ್ಲಿ ಪುಟ್ಟದೊಂದು ಬ್ಯಾಟರಿಯೇ ಹುಟ್ಟುತ್ತದೆ. ತಾಮ್ರ ಉಳಿಯುತ್ತದೆ, ಅಲ್ಯೂಮಿನಿಯಂ ಗುಳಿ ಗುಳಿಯಾಗಿ ಕರಗುತ್ತದೆ. ಸುಣ್ಣವೂ ಅಲ್ಯೂಮಿನಿಯಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಕಾಫಿಯ ಎಲೆತುಕ್ಕಿಗೆ ಹೊಡೆಯುವ ದ್ರಾವಣಕ್ಕೂ ಇದೇ ಮಾತು.

ಆದುದರಿಂದ ಆಂಟೆನಾವನ್ನು ತೋಟದ ನಡುವೆ ನಿಲ್ಲಿಸಬಾರದು. ಮನೆಯ ಬಳಿ, ಮುಂಗಾರಿಗೆ ಮುನ್ನ ಗಾಳಿ ಬೀಸುವ ದಿಕ್ಕಿಗೆ ತೋಟ ಬಾರದಂತೆ ಜಾಗ ಆರಿಸಿರಿ. ಸಿಂಪಡಣೆಯ ದಿನ ತುಂತುರು ಆ ಕಡೆ ಹಾರಿದ್ದರೆ ಅದೇ ಪಂಪಿನಲ್ಲಿ ಒಳ್ಳೆಯ ನೀರು ತುಂಬಿ ಆಂಟೆನಾವನ್ನು ತೊಳೆಯಿರಿ. ಇದೇ ಕಾರಣಕ್ಕೆ ತಾಮ್ರದ ತಂತಿಯನ್ನು ನೇರವಾಗಿ ಅಲ್ಯೂಮಿನಿಯಂ ಕಡ್ಡಿಗೆ ಬಿಗಿಯಲಾಗದು. ನಡುವೆ ಸ್ಟೇನ್‌ಲೆಸ್ ಸ್ಟೀಲಿನ ವಾಷರ್ ಇರಲೇಬೇಕು. ತಾಮ್ರದ ತಂತಿಯ ಮೇಲಿಂದ ಹರಿದ ಮಳೆನೀರು ಅಲ್ಯೂಮಿನಿಯಮ್ಮಿನ ಮೇಲೆ ತೊಟ್ಟಿಕ್ಕಬಾರದು.

ಅಂಗಡಿಯಲ್ಲಿ ನೋಡತಕ್ಕವು

ಕೈಗೆ ತೆಗೆದುಕೊಂಡು ಮೊದಲು ಕೂಡಿಕೆಗಳನ್ನು ನೋಡಿರಿ. ಆಂಟೆನಾ ಸಾಯುವುದು ಕೂಡಿಕೆಗಳಲ್ಲಿ. ರಿವೆಟ್ ಹೊಡೆದು ಕೂಡಿಸಿದ್ದು ಎರಡು ಮಳೆಗಾಲದಲ್ಲಿ ಸಡಿಲವಾಗುತ್ತದೆ. ಬೋಲ್ಟ್, ನಟ್, ವಾಷರುಗಳೆಲ್ಲ ಸ್ಟೇನ್‌ಲೆಸ್ ಆಗಿರಲಿ. ಅಯಸ್ಕಾಂತವೊಂದನ್ನು ಜೇಬಿನಲ್ಲಿ ಒಯ್ಯಿರಿ. ಬಲವಾಗಿ ಅಂಟಿಕೊಂಡರೆ ಅದು ಬಿಳಿ ಲೇಪ ಬಳಿದ ಸಾದಾ ಕಬ್ಬಿಣ. ಅಲ್ಯೂಮಿನಿಯಂ 6061 ಅಥವಾ 6063 ದರ್ಜೆಯ ಹದಗೊಳಿಸಿದ್ದೇ ಎಂದು ಕೇಳಿರಿ. ಪರದೆಗೆ ಹಾಕುವ ಮೆತ್ತನೆಯ ಕೊಳವೆಯನ್ನು ಬೆರಳಿನಿಂದ ಒತ್ತಿದರೆ ತಿಳಿಯುತ್ತದೆ. ಕಡ್ಡಿಗಳನ್ನು ಹಿಡಿದ ಪ್ಲಾಸ್ಟಿಕ್ ಕಪ್ಪಗಿರಲಿ. ಬಿಳಿಯದು ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಕಡ್ಡಿಗಳು ನಿಜವಾಗಿ ಅದಲುಬದಲಾಗಿ ಸೇರಿವೆಯೇ ಎಂದು ಎಣಿಸಿ ನೋಡಿರಿ. ಒಂದು ಕಡ್ಡಿಗಷ್ಟೇ ಕೇಬಲ್ ಸೇರಿದ್ದು ಉಳಿದವು ಸುಮ್ಮನಿದ್ದರೆ ಅದು ಯಾಗಿ, ಡಬ್ಬದ ಮೇಲೆ ಏನೇ ಬರೆದಿರಲಿ. ಲಾಗ್ ಪೀರಿಯಾಡಿಕ್ಕಿನಲ್ಲಿ ಕೇಬಲ್ ಸೇರುವುದು ಮುಂದಿನ ಗಿಡ್ಡ ಕಡ್ಡಿಯ ಕಡೆ. ಮಾತು ಹೋಗುವುದೂ ಆ ಕಡೆಗೇ. ಉದ್ದ ಕೈಗಳು ಅಲೆಯನ್ನು ಬಾಚಿಕೊಳ್ಳುತ್ತವೆಂದು ತಿಳಿದು ಹಿಂದುಮುಂದಾಗಿ ಕಟ್ಟುವವರು ಬಹಳ.

144 ಮೆಗಾಹರ್ಟ್ಸಿನಲ್ಲಿ ಎಫ್.ಎಂ. ಮಾತುಕತೆಗೆ ಕಡ್ಡಿಗಳು ನೆಟ್ಟಗೆ ಮೇಲೆ-ಕೆಳಗೆ ನಿಲ್ಲಬೇಕು, ಅಡ್ಡಡ್ಡ ಅಲ್ಲ. ಹಾಗೆ ನಿಲ್ಲಿಸಿದಾಗ ಕಬ್ಬಿಣದ ಕಂಬ ನಡುವೆ ಬಂದರೆ ಅದೂ ಒಂದು ಕಡ್ಡಿಯಾಗಿ ಕೆಲಸ ಕೆಡಿಸುತ್ತದೆ. ಆದಕಾರಣ ಹಿಂದಿನ ತುದಿಯಲ್ಲಿ ಕಂಬಕ್ಕೆ ಬಿಗಿಯುವ ಮಾದರಿಯನ್ನೇ ಕೇಳಿ ಕೊಳ್ಳಿರಿ.

ಕೇಬಲಿನಲ್ಲಿ ಜಿಪುಣತನ ಬೇಡ. ತೆಳ್ಳನೆಯ ಆರ್.ಜಿ.-58 ಕೇಬಲ್ 30 ಮೀಟರ್ ಹಾಕಿದರೆ 145 ಮೆಗಾಹರ್ಟ್ಸಿನಲ್ಲಿ ಸುಮಾರು 6 ಡೆಸಿಬೆಲ್ ನಷ್ಟ. ಅಂದರೆ ನಾಲ್ಕು ಸೇರು ಸುರಿದರೆ ಮೇಲೆ ಮುಟ್ಟುವುದು ಒಂದೇ ಸೇರು. ದಿಕ್ಕಿನ ಆಂಟೆನಾದಿಂದ ಗಳಿಸಿದ್ದನ್ನೆಲ್ಲ ಕೇಬಲೇ ತಿಂದಂತಾಯಿತು. ದಪ್ಪನೆಯ ಆರ್.ಜಿ.-213 ಹಾಕಿದರೆ ನಷ್ಟ ಎರಡೂವರೆ ಡೆಸಿಬೆಲ್ಲಿನಷ್ಟು.

ತಿರುಗಿಸುವ ಮೋಟಾರಿನ ಬಗ್ಗೆ ಕೇಳುತ್ತಾರೆ. ಗಾಳಿ ಸೀಮೆಯಲ್ಲಿ ಮೊದಲು ಸವೆಯುವುದು ಅದರ ಹಲ್ಲುಚಕ್ರ. ಪುಟ್ಟ ಆಂಟೆನಾಕ್ಕೆ ಕಂಬವನ್ನೇ ಬುಡದಲ್ಲಿ ಬೇರಿಂಗಿನ ಮೇಲೆ ಕೂಡಿಸಿ ಕೈಯಿಂದ ತಿರುಗಿಸಿ ಬೋಲ್ಟ್ ಬಿಗಿಯುವ ಏರ್ಪಾಡು ಸಾಕು. ನಮ್ಮಲ್ಲಿ ಹೆಚ್ಚಿನವರಿಗೆ ಒಂದೇ ಪಟ್ಟಣದ ಕಡೆಗೆ ಮಾತು. ಒಮ್ಮೆ ತಿರುಗಿಸಿ ಬಿಗಿದರೆ ಮುಗಿಯಿತು.

ಕಂಬ, ನೆಲ, ಸಿಡಿಲು

ಅಡಿಕೆ ಮರಕ್ಕೆ ಆಂಟೆನಾ ಕಟ್ಟುವ ಯೋಚನೆ ಬಿಡಿರಿ. ಅದರ ತುದಿ ಗಾಳಿಗೆ ಹಲವು ಅಡಿ ತೂಗುತ್ತದೆ, ಮರಕ್ಕೂ ಗಾಯ. ಕಂಬದ ಜಾಗ ಆರಿಸುವಾಗ ಎಲ್ಲಕ್ಕಿಂತ ಮೊದಲು ವಿದ್ಯುತ್ ತಂತಿ ಎಲ್ಲಿದೆ ನೋಡಿರಿ. ಕಂಬ ಪೂರ್ತಿ ಉರುಳಿ, ಆಂಟೆನಾದ ಉದ್ದ ಕಡ್ಡಿ ಚಾಚಿದರೂ ತಂತಿಗೆ ತಾಗದಷ್ಟು ದೂರ, ಅದರ ಮೇಲೆ ಇನ್ನೂ ಮೂರು ಮೀಟರ್. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಕೊಯ್ಲಿನವರು ಜೀವ ತೆತ್ತ ಸುದ್ದಿಗಳನ್ನು ನಾವು ಕೇಳುತ್ತಲೇ ಇದ್ದೇವೆ. ಆಂಟೆನಾ ಕಂಬ ಎತ್ತುವುದೂ ಅಂಥದೇ ಕೆಲಸ. ಇದೊಂದು ವಿಷಯದಲ್ಲಿ ನಡೆಯುತ್ತದೆ ಬಿಡು ಎನ್ನುವಂತಿಲ್ಲ. ಜಾಗ ಸಾಲದಿದ್ದರೆ ಕಂಬ ಗಿಡ್ಡ ಮಾಡಿರಿ.

ಎಳೆತಂತಿ ಮೂರು ದಿಕ್ಕಿಗೆ, ಬುಡದಿಂದ ಕಂಬದ ಎತ್ತರದ ಮುಕ್ಕಾಲಿನಷ್ಟು ದೂರದಲ್ಲಿ ಗೂಟ. ಗದಗ, ಲಕ್ಷ್ಮೇಶ್ವರಗಳ ಎರೆನೆಲದಲ್ಲಿ ಇದು ಕಠಿಣ. ಎರೆ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುತ್ತದೆ. ಗೂಟ ವರ್ಷಕ್ಕೆರಡು ಸಲ ಅಲುಗುತ್ತದೆ. ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ, ಒಂದೂವರೆ ಮೀಟರಿಗೆ ಕಡಿಮೆಯಿಲ್ಲದಂತೆ ಅಗೆದು, ಗೊರಸು ತುಂಬಿ ದಮ್ಮಸ್ಸು ಹೊಡೆಯಬೇಕು. ಶಿರಹಟ್ಟಿ, ಮುಂಡರಗಿಗಳ ಮಸಾರಿ ನೆಲದಲ್ಲಿ ಗೂಟ ಭದ್ರ, ಆದರೆ ನೆಲ ಒಣಗಿದಾಗ ಅರ್ಥಿಂಗ್ ಸಾಲದು. ನಮ್ಮ ಜಂಬಿಟ್ಟಿಗೆಯ ನೆಲಕ್ಕೂ ಇದೇ ಕೊರತೆ. ಒಂದು ಅರ್ಥಿಂಗ್ ಸರಳಿನ ಬದಲು ಮೂರು ನಾಲ್ಕನ್ನು ಎರಡೆರಡು ಮೀಟರ್ ಅಂತರದಲ್ಲಿ ಹೂತು ದಪ್ಪ ಪಟ್ಟಿಯಿಂದ ಕೂಡಿಸಿ, ಬಚ್ಚಲ ನೀರು ಹರಿಯುವ ಕಡೆ ಇಡಿರಿ. ಉಪ್ಪು ಸುರಿಯುವ ರೂಢಿ ನಮಗೆ ಒಪ್ಪಿಗೆಯಿಲ್ಲ. ನಾಲ್ಕು ವರ್ಷದಲ್ಲಿ ಸರಳನ್ನೇ ತಿನ್ನುತ್ತದೆ.

ಇಷ್ಟೆಲ್ಲ ಮಾಡಿದರೂ ನೇರ ಸಿಡಿಲಿಗೆ ಯಾವ ಸಲಕರಣೆಯೂ ಉತ್ತರವಲ್ಲ. ಭರಣಿ, ಕೃತ್ತಿಕೆಗಳ ಅಡ್ಡಮಳೆ ಗುಡುಗಿಕೊಂಡು ಬರುವ ದಿನಗಳಲ್ಲಿ ಗುಡುಗು ಕೇಳುವ ಮೊದಲೇ ಕೇಬಲನ್ನು ರೇಡಿಯೋದಿಂದ ಬಿಚ್ಚಿ ಮನೆಯ ಹೊರಗೆ ಇಡಬೇಕು. ಗುಡುಗು ಕೇಳಿದ ಮೇಲೆ ಅದನ್ನು ಮುಟ್ಟಬಾರದು. ಆದಕಾರಣ ಬಿಚ್ಚುವ ಕೂಡಿಕೆಯನ್ನು ಕಿಟಕಿಯ ಹೊರಗೆ, ಅರ್ಥಿಂಗ್ ಪಟ್ಟಿಯ ಪಕ್ಕದಲ್ಲಿಯೇ ಮಾಡಿಸಿರಿ. ಬಿಚ್ಚಿದ ತುದಿಯನ್ನು ಅದಕ್ಕೇ ಸಿಕ್ಕಿಸಬಹುದು.

ವರ್ಷದ ತಪಾಸಣೆ

ಮಳೆಗೆ ಮುನ್ನ ರೋಹಿಣಿಯಲ್ಲಿ ಒಮ್ಮೆ, ಮಳೆ ತೀರಿದ ಮೇಲೆ ಸ್ವಾತಿಯಲ್ಲಿ ಒಮ್ಮೆ ಕಂಬವನ್ನು ಇಳಿಸಿ ಬೋಲ್ಟುಗಳನ್ನು ಬಿಗಿದು, ಕೇಬಲಿನ ತುದಿಗೆ ಹೊಸ ರಬ್ಬರ್ ಟೇಪು ಸುತ್ತಿ, ಮನೆಯೊಳಗೆ ಬರುವ ಮೊದಲು ಕೇಬಲ್ ಒಂದು ಬಾಗು ಬಾಗಿ ನೀರು ಕೆಳಗೆ ತೊಟ್ಟಿಕ್ಕುವಂತಿದೆಯೇ ನೋಡಿರಿ. ಇಳಿಸಲು ಬರುವಂತೆ ಬುಡಕ್ಕೆ ಕೀಲು ಇಡಿಸುವುದನ್ನು ಕಂಬ ನಿಲ್ಲಿಸುವಾಗಲೇ ಯೋಚಿಸಬೇಕು.

ಎಸ್.ಡಬ್ಲ್ಯು.ಆರ್. ಮೀಟರಿನಿಂದ ಪ್ರತಿ ಪಟ್ಟಿಯ ಅಂಕಿಯನ್ನೂ ಅಳೆಯಿರಿ. 2ರವರೆಗೆ ಚಿಂತೆಯಿಲ್ಲ, ಆಗಲೂ ಮರಳಿ ಬರುವುದು ಶೇ. 11 ಮಾತ್ರ. ಅಂಕಿ ಏರಿದರೆ ಎಲ್ಲೋ ಕೂಡಿಕೆ ಸಡಿಲವೆಂದು ಎಲ್ಲರೂ ಅರಿಯುತ್ತಾರೆ. ಅಂಕಿ ತಾನಾಗಿಯೇ ಇಳಿದರೆ, ಹಿಂದಿನ ವರ್ಷ 1.7 ಇದ್ದುದು ಈ ವರ್ಷ 1.2 ಆದರೆ, ಸಂತೋಷಪಡಬೇಡಿರಿ. ಕೇಬಲಿನೊಳಗೆ ನೀರು ಹೋಗಿ ಶಕ್ತಿಯೆಲ್ಲ ಅಲ್ಲಿಯೇ ಇಂಗುತ್ತಿದ್ದರೆ ಮೀಟರಿಗೆ ಮರಳಿ ಬರಲು ಏನೂ ಉಳಿದಿರುವುದಿಲ್ಲ, ಆದ್ದರಿಂದ ಅಂಕಿ ಚೆನ್ನಾಗಿ ಕಾಣುತ್ತದೆ. ಇದನ್ನು ಹಿಡಿಯಲು ಇರುವ ದಾರಿ ಹಳೆಯ ಅಂಕಿಯೊಂದೇ. ಆಂಟೆನಾ ನಿಲ್ಲಿಸಿದ ದಿನವೇ ತೋಟದ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ತಾರೀಖು, ಪಟ್ಟಿ, ಅಂಕಿ ಮೂರನ್ನೂ ಬರೆದಿಡಿರಿ.